ತೌಕ್ತೆ ಹೊತ್ತಲ್ಲಿ ಇಡೀ ಕೇರಿಗೆ ಕೆಲಸ ಮಾಡಿದ ಇನ್ವರ್ಟರ್: ನಮ್ಮನೆಯ ರಿವ್ಯೂ

ಇನ್ವರ್ಟರ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹೊಸದು ತಂದ ವಾರದಲ್ಲೇ ಬರೆದುಬಿಡುತ್ತಾರೆ. ಕರೆಂಟ್ ಅರ್ಧ ಗಂಟೆ ಹೋಯಿತು, ಫ್ಯಾನ್ ತಿರುಗಿತು, ಐದು ಸ್ಟಾರ್, ಮುಗಿಯಿತು. ನಮ್ಮನೆಯದು 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನೋಡಿದ ಸೆಟ್. ಹಾಗಾಗಿ ಈ ರಿವ್ಯೂ ಸ್ವಲ್ಪ ಬೇರೆ ಥರ ಇರುತ್ತದೆ.

ಸೆಟ್ ಏನೆಂದರೆ 900 ವಿಎ ಸೈನ್ ವೇವ್ ಇನ್ವರ್ಟರ್, ಜೊತೆಗೆ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ. ವಿಎ ಅಂದರೆ ಇನ್ವರ್ಟರ್ ಒಮ್ಮೆಗೆ ಎಷ್ಟು ಲೋಡ್ ಎತ್ತುತ್ತದೆ ಎನ್ನುವ ಅಳತೆ, ಎಎಚ್ (ಆಂಪಿಯರ್ ಅವರ್) ಅಂದರೆ ಬ್ಯಾಟರಿ ಎಷ್ಟು ಕರೆಂಟ್ ಹಿಡಿಯುತ್ತದೆ ಎನ್ನುವುದು. ಕಂಪನಿ ಹೆಸರು ಬೇಡ. ಈ ಅಳತೆಯದು ಎಲ್ಲ ಕಂಪನಿಯಲ್ಲೂ ಇದೆ, ಒಳಗಿನ ಗುಣವೂ ಹೆಚ್ಚುಕಮ್ಮಿ ಒಂದೇ. ನಮ್ಮೂರು ಕುಂದಾಪುರದ ಉತ್ತರಕ್ಕೆ, ಮರವಂತೆ ಕಡೆ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ನಡುವೆ ಹೈವೇ ಹೋಗುವ ಜಾಗ. ಫೋಟೋದಲ್ಲಿ ನೋಡಲು ಚಂದ. ಗಾಳಿ ಎದ್ದರೆ ಮಾತ್ರ ಎಂತದೂ ಚಂದ ಇಲ್ಲ ಮಾರಾಯ್ರೆ.

ತೌಕ್ತೆ ನಮ್ಮ ಕರಾವಳಿಗೆ ಅಪ್ಪಳಿಸಲೇ ಇಲ್ಲ, ಅದು ನೆನಪಿರಲಿ. ಮೇ 15ರ ಹೊತ್ತಿಗೆ ಸಮುದ್ರದಲ್ಲೇ ನಮ್ಮ ಪಕ್ಕದಿಂದ ಉತ್ತರಕ್ಕೆ ಹೋಯಿತು, ದಡ ಮುಟ್ಟಿದ್ದು 17ರ ರಾತ್ರಿ ಗುಜರಾತಿನಲ್ಲಿ. ಪಕ್ಕದಿಂದ ಹೋದದ್ದೇ ಸಾಕಾಯಿತು. ತೆಂಗು, ಗಾಳಿಮರ ಎಲ್ಲ ತಂತಿಯ ಮೇಲೆ ಬಿದ್ದವು, ಕಂಬಗಳು ಸಾಲಾಗಿ ಮುರಿದವು. ಅದರ ಮೇಲೆ ಲಾಕ್‌ಡೌನ್. ಅಂಗಡಿ ಬೆಳಿಗ್ಗೆ ಒಂದಿಷ್ಟು ಹೊತ್ತು ಮಾತ್ರ, ಆಮೇಲೆ ರಸ್ತೆಗೆ ಇಳಿದರೆ ಪೊಲೀಸರು. ಮೇಣದಬತ್ತಿ ಬೇಕಿದ್ದರೂ ಬೆಳಗಾಗುವವರೆಗೆ ಕಾಯಬೇಕಿತ್ತು.

ಈಗ ಲೆಕ್ಕಕ್ಕೆ ಬರೋಣ, ಯಾಕೆಂದರೆ ಅಂಗಡಿಯವರು ಇದನ್ನು ಸರಿಯಾಗಿ ಹೇಳುವುದಿಲ್ಲ. 12 ವೋಲ್ಟ್, 150 ಎಎಚ್ ಅಂದರೆ ಕಾಗದದ ಮೇಲೆ 1,800 ವ್ಯಾಟ್ ಅವರ್ (ಎಷ್ಟು ವ್ಯಾಟ್ ಎಷ್ಟು ಗಂಟೆ ಎನ್ನುವುದರ ಗುಣಾಕಾರ). ಇನ್ವರ್ಟರ್ ತಾನೇ ತಿನ್ನುವುದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು ಎನ್ನುವುದು, ಎರಡೂ ಕಳೆದರೆ ಕೈಗೆ ಸಿಗುವುದು ಸುಮಾರು 1,200. ಹಳೆ ಮಾದರಿಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತದೆ. ಎರಡು ಫ್ಯಾನ್ ರಾತ್ರಿ ಎಂಟು ಗಂಟೆ ತಿರುಗಿಸಿದರೆ ಬ್ಯಾಟರಿ ಅಲ್ಲಿಗೆ ಮುಗಿಯಿತು. ಅದೇ ಒಂದು ಮೊಬೈಲ್ ಪೂರ್ತಿ ಚಾರ್ಜ್ ಆಗಲು ಎಲ್ಲ ನಷ್ಟ ಸೇರಿಸಿಯೂ 20 ವ್ಯಾಟ್ ಅವರ್ ಸಾಕು. ಅಂದರೆ ನಾವು ಒಂದು ರಾತ್ರಿ ಆರಾಮಾಗಿ ಮಲಗುವ ಕರೆಂಟಿನಲ್ಲಿ 60 ಮೊಬೈಲ್ ಚಾರ್ಜ್ ಆಗುತ್ತದೆ.

ಈ ಲೆಕ್ಕ ಹಾಕಿದ್ದು ನಮ್ಮ ಅಪ್ಪಯ್ಯ, ಕ್ಯಾಲೆಂಡರಿನ ಹಿಂದೆ ಬರೆದು. ಅವತ್ತಿನಿಂದಲೇ ಫ್ಯಾನ್ ಬಂದ್. ಅಮ್ಮನಿಗೆ ಮೊದಲು ಸಿಟ್ಟು ಬಂತು, ಆ ಸೆಕೆಯಲ್ಲಿ ಯಾರಿಗೆ ಬರುವುದಿಲ್ಲ ಹೇಳಿ. ಆದರೆ ಜಗಲಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದದ್ದು ಅಮ್ಮನೇ. ಕೊರೊನಾ ಕಾಲ, ಯಾರೂ ಒಳಗೆ ಬರುವ ಹಾಗಿರಲಿಲ್ಲ. ಮೊಬೈಲ್ ಜಗಲಿಯಲ್ಲಿ ಇಟ್ಟು ಅಂಗಳದಲ್ಲೇ ನಿಂತು ಮಾತಾಡಿ ಹೋಗುವುದು. ಎಲ್ಲರದೂ ಅದೇ ಕಪ್ಪು ಫೋನು, ಅದೇ ಬಿಳಿ ಚಾರ್ಜರು, ಯಾರದ್ದು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಒಂದೊಂದಕ್ಕೂ ರಬ್ಬರ್ ಬ್ಯಾಂಡ್ ಹಾಕಿ ಚೀಟಿ ಸಿಕ್ಕಿಸಿದೆವು: ತೋಟದಮನೆ, ಹೊಳೆಬದಿ, ಟೈಲರ್ ಅಕ್ಕ. ಬಟನ್ ಫೋನಿನವರಿಗೆ ಕೊನೆಯ ಪಾಳಿ, ಅವರದು ಹೇಗೂ ಎರಡು ಮೂರು ದಿನ ಬರುತ್ತದೆ.

ಚಾರ್ಜ್ ಮಾಡಿ ಏನು ಪ್ರಯೋಜನ, ಟವರಿನ ಬ್ಯಾಟರಿಯೇ ಸತ್ತಿತ್ತಲ್ಲ, ಎಂದು ಕೇಳಬಹುದು. ಸತ್ತಿತ್ತು ನಿಜ. ಸೇತುವೆ ಹತ್ತಿರ ಹೋದರೆ ಮಾತ್ರ ಒಂದು ಕಡ್ಡಿ ಸಿಗ್ನಲ್. ನಮ್ಮ ಕಡೆ ಪ್ರತಿ ಮನೆಯಿಂದ ಒಬ್ಬರಾದರೂ ಬೆಂಗಳೂರು, ಬೊಂಬಾಯಿ ಅಥವಾ ಗಲ್ಫಿನಲ್ಲಿ ಇರುತ್ತಾರೆ, ಅವರೆಲ್ಲ ಟಿವಿಯಲ್ಲಿ ಅಲೆ ನೋಡಿ ಹೆದರಿ ಕೂತಿದ್ದರು. ಪೇಪರ್ ಹಾಕುವ ಹುಡುಗನಿಗೆ ಬೆಳಿಗ್ಗೆ ಪಾಸ್ ಇತ್ತು. ಅವನ ಕೈಯಲ್ಲಿ ಎಲ್ಲ ಮನೆಯ ನಂಬರ್ ಬರೆದ ಚೀಟಿ ಕೊಟ್ಟು ಕಳಿಸಿದೆವು. ಒಂದೇ ಮೆಸೇಜ್ ಎಲ್ಲರಿಗೂ ಹೋಯಿತು: "ಮನೆಯಲ್ಲಿ ಎಲ್ಲರೂ ಸೌಖ್ಯ, ಫೋನ್ ಹತ್ತುವುದಿಲ್ಲ, ಗಾಬರಿ ಬೇಡ."

ಮಿಕ್ಸಿ ವಿಷಯ ಹೇಳದಿದ್ದರೆ ನಮ್ಮ ಕಡೆಯವರು ನಗುತ್ತಾರೆ. ತೆಂಗಿನಕಾಯಿ ಅರೆಯದೆ ಇಲ್ಲಿ ಸಾರೂ ಇಲ್ಲ, ಗಸಿಯೂ ಇಲ್ಲ. 500 ವ್ಯಾಟಿನ ಮಿಕ್ಸಿಯನ್ನು ಈ ಇನ್ವರ್ಟರ್ ಎತ್ತುತ್ತದೆ, ಆದರೆ ಬೇರೇನೂ ಆನ್ ಇರಬಾರದು. ಐದು ನಿಮಿಷ ಓಡಿದರೆ ಹೋಗುವುದು ಎರಡು ಮೊಬೈಲಿನಷ್ಟು ಕರೆಂಟು, ಜಾಸ್ತಿ ಏನಲ್ಲ. ಪಕ್ಕದ ಮನೆಯವರ 750 ವ್ಯಾಟಿನದು ಹಾಕಿದರೆ ಮಾತ್ರ ಕೀಂಯ್ ಎಂದು ಟ್ರಿಪ್. ಆಮೇಲೆ ಎಲ್ಲರ ಮಸಾಲೆಯೂ ನಮ್ಮ ಮಿಕ್ಸಿಯಲ್ಲೇ, ಬೆಳಿಗ್ಗೆ ಒಂದು ಹೊತ್ತು. ಯಾರ ಮನೆಯಲ್ಲಿ ಇವತ್ತು ಏನು ಸಾರು ಎನ್ನುವುದು ಇಡೀ ಕೇರಿಗೆ ಗೊತ್ತಿತ್ತು. ದೋಸೆ ಹಿಟ್ಟಿಗೆ ಅಜ್ಜಿಯ ಅರೆಯುವ ಕಲ್ಲೇ ಗತಿ, ವೆಟ್ ಗ್ರೈಂಡರ್ ಅಷ್ಟು ಹೊತ್ತು ಓಡಿಸಲು ಇದರ ಕೈಲಾಗದು.

ಒಂದು ಹೊತ್ತಿಗೆ ಬ್ಯಾಟರಿ ಮುಗಿಯಲೇಬೇಕಲ್ಲ. ತೋಟದಮನೆ ಅಣ್ಣನ ಹತ್ತಿರ ಪೆಟ್ರೋಲ್ ಜನರೇಟರ್ ಇತ್ತು, ಅದನ್ನು ಗಾಡಿಯಲ್ಲಿ ಹಾಕಿ ತಂದರು. ಸಂಜೆ ಎರಡು ಗಂಟೆ ಓಡಿಸುವುದು, ಪೆಟ್ರೋಲಿಗೆ ಎಲ್ಲರೂ ಸೇರಿ ದುಡ್ಡು ಹಾಕುವುದು ಎಂದು ಮಾತಾಯಿತು. ಪ್ಲಗ್ ಹಾಕಿದರೆ ನಮ್ಮ ಇನ್ವರ್ಟರ್ ಅದನ್ನು ಕರೆಂಟ್ ಎಂದೇ ಒಪ್ಪಲಿಲ್ಲ. ಚಾರ್ಜಿಂಗ್ ದೀಪವೇ ಇಲ್ಲ. ಜನರೇಟರ್ ಕೆಟ್ಟಿದೆ ಎಂದು ಒಬ್ಬರು, ಇನ್ವರ್ಟರ್ ಸುಟ್ಟಿದೆ ಎಂದು ಇನ್ನೊಬ್ಬರು. ಎರಡೂ ಸರಿ ಇದ್ದವು. ಹಿಂಬದಿ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್. ಯುಪಿಎಸ್‌ನಲ್ಲಿದ್ದರೆ 180 ವೋಲ್ಟಿಗಿಂತ ಕಡಿಮೆ ಬಂದರೆ ಅದು ಬೇಡ ಅನ್ನುತ್ತದೆ. ಸಣ್ಣ ಜನರೇಟರಿನ ವೋಲ್ಟೇಜ್ ಕುಣಿಯುತ್ತಲೇ ಇರುತ್ತದೆ. ನಾರ್ಮಲ್‌ಗೆ ಹಾಕಿದರೆ 100 ವೋಲ್ಟಿನ ಆಸುಪಾಸಿನವರೆಗೂ ತೆಗೆದುಕೊಳ್ಳುತ್ತದೆ. ಹೊಳೆಬದಿಯ ಐಟಿಐ ಹುಡುಗ ಬಂದು ಸ್ವಿಚ್ ತಿರುಗಿಸಿದ, ದೀಪ ಹತ್ತಿತು. ಫಿಟ್ ಮಾಡಲು ಬಂದವರು ಈ ಸ್ವಿಚ್ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

ಹಾಗೆಂದು ಎರಡು ಗಂಟೆಯಲ್ಲಿ ಬ್ಯಾಟರಿ ತುಂಬುವುದಿಲ್ಲ. ಈ ಜಾತಿಯ ಇನ್ವರ್ಟರ್ 15 ಆಂಪಿಯರಿನ ಆಸುಪಾಸಿನಲ್ಲಿ ಚಾರ್ಜ್ ಮಾಡುತ್ತದೆ, ಎರಡು ಗಂಟೆಗೆ 30 ಎಎಚ್, ಅಂದರೆ ಐದರಲ್ಲಿ ಒಂದು ಪಾಲು. ಅದೇ ಎರಡು ಗಂಟೆಯಲ್ಲಿ ಟೈಲರ್ ಅಕ್ಕನ ಅತ್ತೆಗೆ ನೆಬ್ಯುಲೈಸರ್, ಆಚೀಚೆ ಮನೆಯ ಫ್ರಿಜ್ ಸ್ವಲ್ಪ ಹೊತ್ತು. ಒಂದು ಎಚ್‌ಪಿ ಪಂಪ್ ಜನರೇಟರಿಗೂ ಕಷ್ಟ, ಶುರುವಾಗುವಾಗ ಅದು ಮೂರು ಪಟ್ಟು ಎಳೆಯುತ್ತದೆ. ನೀರಿಗೆ ಬಾವಿ, ರಾಟೆ, ಹಗ್ಗ. ಕಡಲಬದಿಯ ಮನೆಗಳ ಬಾವಿಗೆ ಉಪ್ಪುನೀರು ನುಗ್ಗಿತ್ತು, ಅವರೂ ಕೊಡಪಾನ ಹಿಡಿದು ನಮ್ಮಲ್ಲಿಗೇ ಬಂದರು. ರಾಟೆಗೆ ಎಣ್ಣೆ ಬಿಟ್ಟು ಎಷ್ಟು ವರ್ಷ ಆಗಿತ್ತೋ, ಅದರ ಕಿರುಚಾಟಕ್ಕೇ ಊರು ಏಳುತ್ತಿತ್ತು.

ಜನರೇಟರ್ ತರುವವರಿಗೆ ಎರಡು ಮಾತು. ಮನೆಯ ಒಳಗೆ, ಚಾವಡಿಯಲ್ಲಿ, ಮುಚ್ಚಿದ ಶೆಡ್ಡಿನಲ್ಲಿ ಓಡಿಸಲೇಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮಲಗಿದವರು ಏಳುವುದಿಲ್ಲ. ಮತ್ತೆ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಇಡೀ ಮನೆಗೆ ಕೊಡುವ ಜಾಣತನ ಬೇಡ. ಚೇಂಜ್‌ಓವರ್ ಸ್ವಿಚ್ (ಲೈನ್, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಸ್ವಿಚ್) ಇಲ್ಲದಿದ್ದರೆ ಆ ಕರೆಂಟು ವಾಪಸ್ ಲೈನಿಗೆ ಹೋಗುತ್ತದೆ, ಟ್ರಾನ್ಸ್‌ಫಾರ್ಮರ್ ದಾಟಿದರೆ 11 ಸಾವಿರ ವೋಲ್ಟ್ ಆಗುತ್ತದೆ. ಅಲ್ಲಿ ಕಂಬದ ಮೇಲೆ ಇರುವವನು ನಮ್ಮ ಲೈನ್‌ಮ್ಯಾನ್.

ಲೈನ್‌ಮ್ಯಾನ್ ಅಂದಾಗ ನೆನಪಾಯಿತು. ಮೆಸ್ಕಾಂ ಆಗಿ ಎಷ್ಟು ಕಾಲ ಆದರೂ ನಮ್ಮೂರಲ್ಲಿ ಅವರು ಕೆಇಬಿಯವರೇ. ಮೊದಲು 11 ಕೆವಿ ಫೀಡರ್ (ಊರಿಗೆ ಕರೆಂಟ್ ತರುವ 11 ಸಾವಿರ ವೋಲ್ಟಿನ ಲೈನ್), ಆಮೇಲೆ ಟ್ರಾನ್ಸ್‌ಫಾರ್ಮರ್, ಕೊನೆಗೆ ಮನೆಮನೆಯ ಲೈನ್, ಇದು ಅವರ ಕ್ರಮ. ಪಕ್ಕದ ಕೇರಿಗೆ ಕರೆಂಟ್ ಬಂದು ನಮಗೆ ಬಂದಿಲ್ಲ ಅಂದರೆ ಕಾರಣ ಇದು, ಯಾರ ವಶೀಲಿಯೂ ಅಲ್ಲ. ಲೈನ್ ಆಫ್ ಇದೆ ಎಂದು ಅವರು ಹೇಳಿದ ಮೇಲೆ ಬಿದ್ದ ಗಾಳಿಮರ ಕಡಿದು ದಾರಿ ಬಿಡಿಸಿದ್ದು ಕೇರಿಯ ಗಂಡಸರು, ಅವರಿಗೆಲ್ಲ ಗಂಜಿ, ಉಪ್ಪಿನಕಾಯಿ ತೋಟದಮನೆಯಿಂದ.

ಈಗ ಕೊಳ್ಳುವವರು ಏನು ನೋಡಬೇಕು? ದುಡ್ಡಿದ್ದರೆ ದೊಡ್ಡ ಬ್ಯಾಟರಿಗಿಂತ ಮೊದಲು ಬಿಎಲ್‌ಡಿಸಿ ಫ್ಯಾನ್ ಹಾಕಿಸಿ. ಅದು ಕಮ್ಮಿ ಕರೆಂಟಿನಲ್ಲಿ ತಿರುಗುವ ಹೊಸ ಥರದ ಮೋಟರಿನ ಫ್ಯಾನ್, 30 ವ್ಯಾಟ್ ಎಳೆಯುತ್ತದೆ, ಅದೇ ಬ್ಯಾಟರಿಯಲ್ಲಿ ದುಪ್ಪಟ್ಟಿಗಿಂತ ಜಾಸ್ತಿ ಹೊತ್ತು. ಜಗಲಿಗೆ ಒಂದು ಇನ್ವರ್ಟರ್ ಪಾಯಿಂಟ್ ಕೊಡಿಸಿ, ಎಲೆಕ್ಟ್ರಿಷಿಯನ್ ಇಲ್ಲಿ ಯಾಕೆ ಅನ್ನುತ್ತಾನೆ, ಬಿಡಬೇಡಿ. ಕೇರಿಯಲ್ಲಿ ಎಲ್ಲರೂ ಇನ್ವರ್ಟರ್ ತರುವುದು ಸುಮ್ನೆ ಖರ್ಚು. ಎರಡು ಮನೆಯಲ್ಲಿ ಇನ್ವರ್ಟರ್, ಒಬ್ಬರಲ್ಲಿ ಜನರೇಟರ್, ಒಂದು ಒಳ್ಳೆಯ ರಾಟೆ ಇದ್ದರೆ ದೊಡ್ಡ ಗಾಳಿಯನ್ನೂ ದಾಟಬಹುದು, ಆದರೆ ಮಾತುಕತೆ ಚೆನ್ನಾಗಿರಬೇಕು. ನಮ್ಮಲ್ಲಿ ಬೇಲಿ ಜಗಳ ಇದ್ದ ಎರಡು ಮನೆ ಇತ್ತು. ಅವರ ಮೊಬೈಲೂ ಒಂದೇ ಬಾಕ್ಸಿನಲ್ಲಿ ಅಕ್ಕಪಕ್ಕ ಚಾರ್ಜ್ ಆದವು. ಬೇಲಿ ಜಗಳ ಈಗಲೂ ಇದೆ, ಬಿಡಿ.

ದೋಷ ಹೇಳುವುದಾದರೆ ಮೊದಲನೆಯದು ಉಪ್ಪುಗಾಳಿ. ಬ್ಯಾಟರಿ ಟರ್ಮಿನಲ್ಲಿಗೆ ಹಸಿರುಬಿಳಿ ಪುಡಿ ಕಟ್ಟುತ್ತದೆ, ಅದನ್ನು ಬಿಸಿನೀರಲ್ಲಿ ತೊಳೆದು ಒರೆಸಿ ವ್ಯಾಸಲೀನ್ ಹಚ್ಚಬೇಕು, ಇಲ್ಲದಿದ್ದರೆ ಚಾರ್ಜೇ ಹತ್ತುವುದಿಲ್ಲ. ಕೆಲವು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್. ಖಾಲಿಯಾದ ಬ್ಯಾಟರಿಯನ್ನು ಹಾಗೇ ದಿನಗಟ್ಟಲೆ ಬಿಟ್ಟರೆ ಅದರ ಆಯಸ್ಸು ಹೋಗುತ್ತದೆ, ತೌಕ್ತೆ ಆದಮೇಲೆ ನಮ್ಮದರ ಬಲ ಸ್ವಲ್ಪ ಕುಂದಿದ್ದೂ ನಿಜ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಆ ಒಂದು ಸ್ಟಾರ್ ಕಳೆದದ್ದು ಬೀಪ್ ಶಬ್ದಕ್ಕೆ. ಬ್ಯಾಟರಿ ಇಳಿಯುತ್ತಿದ್ದಂತೆ ನಡುರಾತ್ರಿ ಕೂಗಲು ಶುರು ಮಾಡಿದರೆ ನಾಯಿಗಳೂ ಸೇರಿಕೊಳ್ಳುತ್ತವೆ. ಕೆಲವು ಮಾದರಿಯಲ್ಲಿ ಅದನ್ನು ನಿಲ್ಲಿಸುವ ಬಟನ್ ಇರುತ್ತದೆ, ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಒತ್ತಿ ನೋಡಿ.