ಹರಿದ ಅಂಚು ನೋಡಿ ಹಣ ಕಳುಹಿಸಬೇಡಿ

ಸಂಕ್ರಾಂತಿಗೋ ಯುಗಾದಿಗೋ ಮನೆಯಲ್ಲೇ ಶುಭಾಶಯ ಪತ್ರ ಮಾಡಿ ಹಂಚುವ ಹವ್ಯಾಸ ನಿಮಗಿದ್ದರೆ, ಅದಕ್ಕಾಗಿ ಈಗ ಮೊಬೈಲಿನಲ್ಲಿ ‘ಅಪ್ಪಟ ಹತ್ತಿಯ ಹ್ಯಾಂಡ್‌ಮೇಡ್ ಕಾಗದ’ ಹುಡುಕುತ್ತಿದ್ದರೆ, ಹಣ ಕಳುಹಿಸುವ ಮೊದಲು ಇದನ್ನು ಓದಿ. ಕಳೆದ ಸಂಕ್ರಾಂತಿಯ ಹೊತ್ತಿಗೆ ಒಬ್ಬ ಮಾರಾಟಗಾರ ನನಗೂ, ನನ್ನೊಡನೆ ಸೇರಿ ಕಾಗದ ತರಿಸಿದ ಇಬ್ಬರು ಗೆಳತಿಯರಿಗೂ ಹತ್ತಿಯ ಹೆಸರಿನಲ್ಲಿ ಗಿರಣಿಯ ಕಾಗದ ಸಾಗಹಾಕಿದ. ಕೇಳಿದ್ದಕ್ಕೆ ಉಪದೇಶ ಕೊಟ್ಟ, ಮತ್ತೆ ಕೇಳಿದ್ದಕ್ಕೆ ನಂಬರನ್ನೇ ಬ್ಲಾಕ್ ಮಾಡಿದ. ಅಂಗಡಿಯ ಹೆಸರು ಬರೆಯುವುದಿಲ್ಲ. ಬರೆದರೂ ನಿಮಗೆ ಉಪಯೋಗವಿಲ್ಲ, ಏಕೆಂದರೆ ಆ ಹೆಸರಿನ ಅಂಗಡಿ ಈಗ ಇಲ್ಲ. ಆದರೆ ಆತನ ವರಸೆ ಗೊತ್ತಿದ್ದರೆ ಬೇರೆ ಹೆಸರಿನಲ್ಲಿ ಬಂದಾಗಲೂ ಗುರುತು ಹಿಡಿಯಬಹುದು.

ನಮ್ಮ ಧಾರವಾಡದ ಕಡೆ ಸಂಕ್ರಾಂತಿ ಎಂದರೆ ಕುಸುರೆಳ್ಳು. ಎಳ್ಳಿಗೆ ಸಕ್ಕರೆ ಪಾಕವನ್ನು ಹನಿಹನಿಯಾಗಿ ಬಿಡುತ್ತ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ, ಮೈತುಂಬ ಮುಳ್ಳು ಮೂಡಿಸಿದ ಬಿಳಿಯ ಕಾಳು ಅದು. ಮೊದಲೆಲ್ಲ ದೂರದ ನೆಂಟರಿಗೆ ಅದನ್ನು ಪುಟ್ಟ ಪೊಟ್ಟಣ ಕಟ್ಟಿ, ಕಾರ್ಡಿನೊಂದಿಗೆ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದರು. ನನ್ನ ಕಾರ್ಡುಗಳೂ ಆ ರೂಢಿಯವೇ: ಮುಂಭಾಗದಲ್ಲಿ ಕತ್ತರಿಸಿ ಅಂಟಿಸಿದ ಕಬ್ಬಿನ ಜಲ್ಲೆ, ಒಳಗೆ ಕುಸುರೆಳ್ಳಿಗೆ ಒಂದು ಕಾಗದದ ಜೇಬು. ಇಂಥ ಕೆಲಸಕ್ಕೆ ಸಿಕ್ಕಿದ ಕಾಗದ ಒದಗುವುದಿಲ್ಲ. ಮಡಿಸಿದ ಜಾಗ ಸೀಳಬಾರದು, ಕತ್ತರಿ ಆಡಿಸಿದ ಕಡೆ ಪದರ ಬಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಸಕ್ಕರೆ ಎಳೆದುಕೊಳ್ಳುವ ತೇವಕ್ಕೆ ಬಣ್ಣ ಇಳಿಯಬಾರದು.

ಮೊದಲ ಸಲ ಆತನಿಂದ ಒಂದು ಸಣ್ಣ ಕಟ್ಟು ತರಿಸಿದ್ದು ದೊಡ್ಡ ಆನ್‌ಲೈನ್ ಮಾರುಕಟ್ಟೆಯೊಂದರ ಮೂಲಕ. ಆ ಕಾಗದ ನಿಜಕ್ಕೂ ಚೆನ್ನಾಗಿತ್ತು. ನಾಲ್ಕೂ ಅಂಚಿನಲ್ಲಿ ಎಳೆಎಳೆಯಾಗಿ ತೆಳುವಾಗುತ್ತ ಹೋಗುವ ನಾರು, ಬೆರಳಿಗೆ ಬಟ್ಟೆಯಂಥ ಮೃದುತ್ವ. ಕಟ್ಟಿನೊಳಗೆ ಒಂದು ಚೀಟಿಯೂ ಇತ್ತು: ಮುಂದಿನ ಬಾರಿ ನೇರವಾಗಿ ಈ ವಾಟ್ಸ್‌ಆ್ಯಪ್ ನಂಬರಿಗೆ ಆರ್ಡರ್ ಕೊಟ್ಟರೆ ಬೆಲೆಯಲ್ಲಿ ರಿಯಾಯಿತಿ, ಜೊತೆಗೆ ಬೀಜದ ಕಾಗದ, ಅಂದರೆ ನೆಟ್ಟರೆ ಗಿಡ ಬರಲೆಂದು ಒಳಗೆ ಬೀಜ ಸೇರಿಸಿದ ಕಾಗದ, ಉಚಿತ. ಇದೇ ಗಾಳ. ಸಣ್ಣ ಆರ್ಡರಿಗೆ ಒಳ್ಳೆಯ ಮಾಲು ಕಳುಹಿಸಿ ನಂಬಿಕೆ ಗಳಿಸುವುದು, ಆಮೇಲೆ ಮಾರುಕಟ್ಟೆಯ ಕಣ್ಣಿನಿಂದ ಗ್ರಾಹಕರನ್ನು ಹೊರಗೆಳೆದುಕೊಂಡು ದೊಡ್ಡ ಆರ್ಡರಿನಲ್ಲಿ ಕೈಕೊಡುವುದು. ಡಿಸೆಂಬರ್ ಬಂದಂತೆ ‘ಸ್ಟಾಕ್ ಮುಗಿಯುತ್ತಿದೆ’ ಎಂಬ ಸಂದೇಶಗಳು ಶುರುವಾದವು. ಪೂರ್ತಿ ಹಣ ಮುಂಗಡ. ಯುಪಿಐ ಖಾತೆಯಲ್ಲಿ ಕಾಣಿಸಿದ ಹೆಸರು ಅಂಗಡಿಯದಲ್ಲ, ಯಾರೋ ವ್ಯಕ್ತಿಯದು. ಬಿಲ್ಲು ಕಟ್ಟಿನೊಳಗೆ ಇರುತ್ತದೆ ಎಂದ. ಇರಲಿಲ್ಲ.

ಕಾಗದ ಬಂದದ್ದು ಹಬ್ಬ ಮನೆಬಾಗಿಲಿಗೆ ಬಂದ ಮೇಲೆ. ಇದೂ ಲೆಕ್ಕಾಚಾರವೇ ಎಂಬುದು ನನ್ನ ಗುಮಾನಿ. ಹಬ್ಬದ ಗಡಿಬಿಡಿಯಲ್ಲಿರುವವರು ಹಿಂದಿರುಗಿಸುವ ಗೋಜಿಗೆ ಹೋಗದೆ, ಇದ್ದುದರಲ್ಲೇ ಕೆಲಸ ಮುಗಿಸಿಬಿಡುತ್ತಾರೆ ಎಂಬುದು ಇಂಥವರಿಗೆ ಚೆನ್ನಾಗಿ ಗೊತ್ತು.

ಕಟ್ಟು ಎತ್ತಿದಾಗಲೇ ಹಗುರ ಎನಿಸಿತು. ಆತ ಹೇಳಿದ್ದು 250 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಕಾಗದದ ತೂಕ 250 ಗ್ರಾಂ. ಇದನ್ನು ಪರೀಕ್ಷಿಸಲು ಅಡುಗೆಮನೆಯ ತಕ್ಕಡಿ ಸಾಕು. ಎ4 ಅಳತೆಯ 16 ಹಾಳೆಗಳನ್ನು ಜೋಡಿಸಿದರೆ ಹೆಚ್ಚುಕಡಿಮೆ ಸರಿಯಾಗಿ ಒಂದು ಚದರ ಮೀಟರ್ ಆಗುತ್ತದೆ. 16 ಹಾಳೆ ಎಣಿಸಿ ತೂಗಿದರೆ ಬರುವ ಗ್ರಾಂ ಲೆಕ್ಕವೇ ಜಿಎಸ್‌ಎಂ. ನನಗೆ ಬಂದದ್ದು ತೂಗಿದರೆ 160 ಗ್ರಾಂ ದಾಟಲಿಲ್ಲ. ಕೈಯಲ್ಲಿ ಮಾಡಿದ ಹಾಳೆಗಳು ಒಂದರಂತೆ ಇನ್ನೊಂದು ಇರುವುದಿಲ್ಲ, ನಿಜ. ಆದರೆ ಹದಿನಾರು ಹಾಳೆ ಸೇರಿಸಿ ತೂಗಿದಾಗ ಮೂರರಲ್ಲಿ ಒಂದು ಭಾಗ ಕಡಿಮೆ ಬಂದರೆ ಅದಕ್ಕೆ ಕೈಚಳಕ ಎನ್ನುವುದಿಲ್ಲ.

ಆಮೇಲೆ ಅಂಚು. ಕೈಯಲ್ಲಿ ಕಾಗದ ಮಾಡುವವರು ನೀರಿನಲ್ಲಿ ಅರೆದ ನಾರಿನ ತಿರುಳನ್ನು ಜಾಲರಿಯಲ್ಲಿ ಹಾಳೆಯಾಗಿ ಎತ್ತುತ್ತಾರೆ, ಆಗ ಜಾಲರಿಯ ಮೇಲೆ ಒಂದು ಚೌಕಟ್ಟು ಇಟ್ಟಿರುತ್ತಾರೆ. ಅದರ ಸಂದಿಯಲ್ಲಿ ನಾರಿನ ತಿಳಿ ಜಿನುಗುವುದರಿಂದ ಅಂಚು ತಾನಾಗಿಯೇ ತೆಳುವಾಗಿ, ಗರಿಗರಿಯಾಗಿ ಮುಗಿಯುತ್ತದೆ. ನನಗೆ ಬಂದ ಹಾಳೆಗಳ ಅಂಚು ದೂರದಿಂದ ಹಾಗೆಯೇ ಕಾಣುತ್ತಿತ್ತು, ಫೋಟೋದಲ್ಲಂತೂ ವ್ಯತ್ಯಾಸವೇ ತಿಳಿಯದು. ಹತ್ತಿರ ಹಿಡಿದರೆ ದಪ್ಪ ಕೊನೆಯವರೆಗೂ ಒಂದೇ ಸಮ, ಕೊನೆಯಲ್ಲಿ ಥಟ್ಟನೆ ಹರಿದ ಗುರುತು. ಸ್ಕೇಲು ಒತ್ತಿ ಹಿಡಿದು ಎಳೆದು ಹರಿದದ್ದು. ಕೆಂಪು ಹಾಳೆಯ ಹರಿದ ಕಡೆ ಒಳಗಿನ ಬಿಳಿ ತಿರುಳು ಇಣುಕುತ್ತಿತ್ತು. ಹತ್ತಿಯ ತಿರುಳಿಗೇ ಬಣ್ಣ ಬೆರೆಸಿದ್ದರೆ ಒಳಗೂ ಕೆಂಪೇ ಇರಬೇಕಿತ್ತು. ಇದು ಬಿಳಿ ಹಾಳೆಗೆ ಮೇಲೆ ಬಳಿದ ಬಣ್ಣ.

ಅನುಮಾನ ಉಳಿಯದಂತೆ ಮಾಡಿದ್ದು ನೀರಿನ ಪರೀಕ್ಷೆ. ಹಾಳೆಯ ನಡುವಿನಿಂದ ಅಂಗೈಗಿಂತ ಚಿಕ್ಕ ಚೌಕವೊಂದನ್ನು ಕತ್ತರಿಸಿ ತಟ್ಟೆಯ ನೀರಿನ ಮೇಲೆ ತೇಲಿಬಿಡಿ. ಯಂತ್ರದ ಮೇಲೆ ಓಡುವಾಗ ಕಾಗದದ ನಾರುಗಳು ಬಹುಮಟ್ಟಿಗೆ ಓಟದ ದಿಕ್ಕಿಗೇ ಸಾಲುಗೂಡುತ್ತವೆ. ನಾರು ನೆನೆದಾಗ ಉದ್ದಕ್ಕಿಂತ ಅಗಲಕ್ಕೆ ಹೆಚ್ಚು ಉಬ್ಬುವುದರಿಂದ, ಯಂತ್ರದ ಕಾಗದ ಒಂದೇ ದಿಕ್ಕಿಗೆ ಸುರುಳಿಯಾಗಿ ಕೊಳವೆಯಂತೆ ನಿಲ್ಲುತ್ತದೆ. ಕೈಯಲ್ಲಿ ಎತ್ತುವವರು ಜಾಲರಿಯನ್ನು ಎರಡೂ ಕಡೆ ಅಲುಗಿಸುತ್ತಾರೆ, ನಾರು ಅಡ್ಡಾದಿಡ್ಡಿ ಹೆಣೆದುಕೊಳ್ಳುತ್ತದೆ. ಅಂಥ ಹಾಳೆ ಮಟ್ಟಸವಾಗಿ ನೆನೆಯುತ್ತದೆ, ಇಲ್ಲವೆ ಅಲ್ಲಲ್ಲಿ ಸ್ವಲ್ಪ ಮುದುರುತ್ತದೆ. ಹೊಸ ಹಾಳೆಯ ಚೂರು ನೀರಿಗೆ ಬಿದ್ದ ಕೂಡಲೇ ಸುರುಳಿ ಸುತ್ತಿಕೊಂಡಿತು. ಮೊದಲಿನ ಒಳ್ಳೆಯ ಕಟ್ಟಿನಲ್ಲಿ ಉಳಿದಿದ್ದ ಚೂರು ಪಕ್ಕದಲ್ಲೇ ಆರಾಮವಾಗಿ ತೇಲುತ್ತಿತ್ತು. ಎರಡನ್ನೂ ಒಟ್ಟಿಗೆ ವಿಡಿಯೊ ಮಾಡಿಟ್ಟುಕೊಂಡಿದ್ದೇನೆ. ನೀವೂ ಒಳ್ಳೆಯ ಕಾಗದ ಸಿಕ್ಕಿದಾಗ ಒಂದೆರಡು ಚೂರು, ತರಿಸಿದ ದಿನಾಂಕ ಬರೆದು, ಎತ್ತಿಡಿ. ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಕಾಗದವನ್ನು ಅರ್ಧ ಮುಚ್ಚಿ ಬಿಸಿಲಿಗಿಟ್ಟು, ಹಳದಿಯಾಯಿತೇ ನೋಡಿ ಎಂದು ಹಲವರು ಹೇಳುತ್ತಾರೆ. ಅದನ್ನೊಂದನ್ನೇ ನಂಬಬೇಡಿ. ಸುದ್ದಿಪತ್ರಿಕೆಯ ಕಾಗದದಲ್ಲಿ ಲಿಗ್ನಿನ್, ಅಂದರೆ ಮರದ ನಾರುಗಳನ್ನು ಬಿಗಿದಿಡುವ ಅಂಟಿನಂಥ ವಸ್ತು, ಉಳಿದಿರುವುದರಿಂದ ಬಿಸಿಲಿಗೆ ಬೇಗ ಹಳದಿಯಾಗುತ್ತದೆ. ಲಿಗ್ನಿನ್ ತೆಗೆದು ಬಿಳುಪುಗೊಳಿಸಿದ ಮರದ ತಿರುಳು ಅಷ್ಟು ಸುಲಭಕ್ಕೆ ಬಣ್ಣಗೆಡುವುದಿಲ್ಲ, ಹತ್ತಿ ಎಂದು ನಂಬಿಸಿಬಿಡುತ್ತದೆ.

ಇನ್ನು ಬಣ್ಣದ ವಿಷಯ. ನನಗೆ ಸಿಟ್ಟು ಬಂದದ್ದು ಇಲ್ಲಿ. ಕಳುಹಿಸುವ ಮೊದಲು ಒಂದು ಕಾರ್ಡಿನ ಜೇಬಿಗೆ ಕುಸುರೆಳ್ಳು ತುಂಬಿ ರಾತ್ರಿ ಹಾಗೆಯೇ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಬಿಳಿಯ ಕಾಳುಗಳ ಮುಳ್ಳಿನ ತುದಿಗೆಲ್ಲ ಕೆಂಪು ಹತ್ತಿತ್ತು. ಇದು ಮಕ್ಕಳು ಬಾಯಿಗೆ ಹಾಕಿಕೊಳ್ಳುವ ವಸ್ತು. ಕಾಗದಕ್ಕೆ ಹಾಕುವ ಬಣ್ಣ ತಿನ್ನುವ ಬಣ್ಣವಲ್ಲ, ಅದರಲ್ಲಿ ಏನಿದೆ ಎಂದು ಕಟ್ಟಿನ ಮೇಲೆ ಯಾರೂ ಬರೆಯುವುದೂ ಇಲ್ಲ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಹಾಳೆಯನ್ನು ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಬಂದರೆ ಆ ಕಾಗದ ಆಹಾರದ ಹತ್ತಿರವೂ ಸುಳಿಯಬಾರದು. ಬಾರದಿದ್ದರೂ ತಿನಿಸಿಗೆ ಬೆಣ್ಣೆಕಾಗದದ ಒಳಪೊಟ್ಟಣ ಇರಲೇಬೇಕು ಎಂಬುದು ಈಗ ನನ್ನ ಪಟ್ಟು.

ತಕ್ಕಡಿಯ ಫೋಟೋ, ನೀರಿನ ವಿಡಿಯೊ, ಕೆಂಪಾದ ಕುಸುರೆಳ್ಳು ಎಲ್ಲವನ್ನೂ ಕಳುಹಿಸಿದೆ. ಹಿಂದಿಯಲ್ಲಿ ಉತ್ತರ ಬಂತು: “ಮೇಡಂ, ಇದು ಕೈಯಲ್ಲಿ ಮಾಡಿದ್ದು. ಏರುಪೇರು ಇದ್ದೇ ಇರುತ್ತದೆ, ಅದೇ ಇದರ ಸೌಂದರ್ಯ.” ಕರಕುಶಲ ವಸ್ತು ಮಾರುವ ಕಳ್ಳರಿಗೆಲ್ಲ ಈ ಮಾತು ಕವಚವಾಗಿಬಿಟ್ಟಿದೆ. ತೂಕ ಕಡಿಮೆ ಇದ್ದರೆ ಸೌಂದರ್ಯ, ಬಣ್ಣ ಬಿಟ್ಟರೆ ಸೌಂದರ್ಯ, ಮಡಿಸಿದ ಕಡೆ ಸೀಳಿದರೂ ಸೌಂದರ್ಯ. ತಮಾಷೆಯೆಂದರೆ ನಮ್ಮ ದೂರು ಏರುಪೇರಿನ ಬಗ್ಗೆ ಇರಲೇ ಇಲ್ಲ. ಹಾಳೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಷ್ಟು ಸಮನಾಗಿದ್ದವು!

ನಿಜವಾಗಿ ಈ ಕೆಲಸ ಮಾಡುವವರ ಹೊಟ್ಟೆಯ ಮೇಲೂ ಇದು ಹೊಡೆಯುತ್ತದೆ. ಜೈಪುರದ ಹತ್ತಿರದ ಸಾಂಗಾನೇರಿನಲ್ಲಿ ಕಾಗ್ಜಿ ಸಮುದಾಯದವರು ತಲೆಮಾರುಗಳಿಂದ ಕಾಗದ ಮಾಡುತ್ತ ಬಂದಿದ್ದಾರೆ. ಬನಿಯನ್ ಕಾರ್ಖಾನೆಗಳಲ್ಲಿ ಉಳಿಯುವ ಹತ್ತಿ ಬಟ್ಟೆಯ ತುಂಡುಗಳನ್ನು ತರಿಸಿ, ಕತ್ತರಿಸಿ, ನೀರಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ ಅರೆದು ತಿರುಳು ಮಾಡುತ್ತಾರೆ. ಜಾಲರಿಯಲ್ಲಿ ಎತ್ತಿದ ಪ್ರತಿ ಹಾಳೆಯನ್ನೂ ಬಟ್ಟೆಯ ನಡುವೆ ಪೇರಿಸಿ, ಒತ್ತಿ ನೀರು ಹಿಂಡಿ, ಒಣಗಿಸಿ, ಆಮೇಲೆ ನಯ ಮಾಡುತ್ತಾರೆ. 1934ರಲ್ಲಿ ಗಾಂಧೀಜಿಯವರ ನೇತೃತ್ವದಲ್ಲಿ ವಾರ್ಧಾದಲ್ಲಿ ಹುಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಕೈಗೆತ್ತಿಕೊಂಡ ಕಸುಬುಗಳಲ್ಲಿ ಕಾಗದವೂ ಒಂದು. ಆ ಸಂಘವನ್ನು ನಡೆಸಿದ ಜೆ. ಸಿ. ಕುಮಾರಪ್ಪನವರ ಹೆಸರಿನ ಹ್ಯಾಂಡ್‌ಮೇಡ್ ಕಾಗದ ಸಂಸ್ಥೆ ಇಂದು ಸಾಂಗಾನೇರಿನಲ್ಲೇ ಇದೆ. ಪುದುಚೇರಿಯ ಅರವಿಂದಾಶ್ರಮದ ಕಾಗದ ಘಟಕ 1959ರಿಂದ ನಡೆಯುತ್ತಿದೆ. ಇಷ್ಟು ಕೈ ದಾಟಿ ಬರುವ ಹಾಳೆ ಗಿರಣಿಯ ಹಾಳೆಯ ಬೆಲೆಗೆ ಸಿಗಲು ಸಾಧ್ಯವಿಲ್ಲ. ಯಾರಾದರೂ ಕೊಡುತ್ತೇನೆ ಎಂದರೆ ಕಿವಿ ನಿಮಿರಲಿ. ಇನ್ನೊಂದು ಮಾತು: ರದ್ದಿ ಕಾಗದ ಅರೆದು ಕೈಯಲ್ಲಿ ಎತ್ತಿದ ಹಾಳೆಯೂ ಹ್ಯಾಂಡ್‌ಮೇಡೇ, ಅದರಲ್ಲಿ ಮೋಸವಿಲ್ಲ. ಆದರೆ ಅದು ಹತ್ತಿಯದಲ್ಲ. ನಾರು ಗಿಡ್ಡವಾಗಿರುವುದರಿಂದ ಮಡಿಕೆಗೆ ಅಷ್ಟು ತಾಳುವುದಿಲ್ಲ. ಯಾವುದರಿಂದ ಮಾಡಿದ್ದು, ಹೇಗೆ ಎತ್ತಿದ್ದು ಎಂದು ಎರಡನ್ನೂ ಬೇರೆಬೇರೆಯಾಗಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಉಚಿತವಾಗಿ ಬಂದ ಬೀಜದ ಕಾಗದದ ಕಥೆ ಚಿಕ್ಕದು. ಚೆಂಡುಹೂವು ಮತ್ತು ತುಳಸಿ ಬೀಜ ಎಂದು ಬರೆದಿತ್ತು. ತೆಂಗಿನ ನಾರಿನ ಪುಡಿಯ ಮೇಲಿಟ್ಟು ತೇವ ಆರದಂತೆ ನೋಡಿಕೊಂಡೆವು. ಚೆಂಡುಹೂವು ಒಂದು ವಾರದಲ್ಲಿ ಮೊಳೆಯಬೇಕು. ಬೂಷ್ಟು ಬಿಟ್ಟು ಬೇರೇನೂ ಬರಲಿಲ್ಲ. ಒದ್ದೆ ತಿರುಳಿನಲ್ಲಿ ಬೀಜ ಊದಿಕೊಳ್ಳುತ್ತದೆ, ನಿಧಾನಕ್ಕೆ ಒಣಗಿಸಿದರೆ ಅಲ್ಲೇ ಮೊಳೆತು ಸಾಯುತ್ತದೆ. ಬಿಸಿ ಮಾಡಿ ಒತ್ತಿದರೆ ಬೆಂದೇ ಹೋಗುತ್ತದೆ. ‘ನೆಟ್ಟರೆ ಗಿಡವಾಗುತ್ತದೆ’ ಎಂದು ಕಾರ್ಡಿನ ಮೇಲೆ ಬರೆಯುವ ಮೊದಲು ಒಂದು ತುಂಡು ನೆಟ್ಟು ನೋಡಿ. ಮೊಳೆಯುವಂಥದ್ದೇ ಸಿಕ್ಕಿದರೂ ಮೆಲ್ಬರ್ನಿನ ಅಣ್ಣನಿಗೋ ಆಕ್ಲೆಂಡಿನ ಮಗಳಿಗೋ ಕಳುಹಿಸಬೇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡೂ ಕಡೆ ಹೊರಗಿನ ಬೀಜಗಳ ಮೇಲೆ ಕಟ್ಟುನಿಟ್ಟಿನ ನಿಯಮಗಳಿವೆ, ಲಕೋಟೆ ತಪಾಸಣೆಯಲ್ಲೇ ನಾಶವಾಗಬಹುದು.

ಹಣದ ವಿಷಯಕ್ಕೆ ಬಂದರೆ, ಆನ್‌ಲೈನ್ ಮಾರುಕಟ್ಟೆಯವರು ನಮ್ಮ ಎರಡನೆಯ ಆರ್ಡರ್ ತಮ್ಮ ಮೂಲಕ ಆಗಿಲ್ಲ ಎಂದು ಕೈತೊಳೆದುಕೊಂಡರು. ಚೀಟಿಯ ರಿಯಾಯಿತಿಯ ಅಸಲು ಬೆಲೆ ಇದು. ಅವರ ಮೂಲಕವೇ ಕೊಂಡಿದ್ದರೆ 2020ರ ಇ-ವಾಣಿಜ್ಯ ನಿಯಮಗಳು ನಮ್ಮ ಬೆನ್ನಿಗಿರುತ್ತಿದ್ದವು. ವಸ್ತು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರ ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ ಎನ್ನುತ್ತವೆ ಆ ನಿಯಮಗಳು. ಹಾಗೆಂದು ನೇರವಾಗಿ ಕೊಂಡವರು ಕೈಕಟ್ಟಿ ಕೂರಬೇಕಿಲ್ಲ. ಮಾದರಿ ತೋರಿಸಿ ಮಾರಿದ ಮೇಲೆ ಉಳಿದ ಮಾಲು ಮಾದರಿಯಂತೆಯೇ ಇರಬೇಕೆಂದು 1930ರ ಸರಕು ಮಾರಾಟ ಕಾಯ್ದೆಯ 17ನೆಯ ಸೆಕ್ಷನ್ ಹೇಳುತ್ತದೆ. ಅದಕ್ಕಾಗಿಯೇ ಆರ್ಡರ್ ಕೊಡುವಾಗ ‘ಹಿಂದೆ ಕಳುಹಿಸಿದ ಮಾದರಿಯಂತೆ’ ಎಂದು ಸಂದೇಶದಲ್ಲಿ ಬರೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಾಟಗಾರ ಯಾವ ರಾಜ್ಯದಲ್ಲಿದ್ದರೂ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ.

ನಮ್ಮ ದೂರು ಇನ್ನೂ ಇತ್ಯರ್ಥವಾಗಿಲ್ಲ. ಬಿಲ್ಲಿಲ್ಲದಿರುವುದು ತೊಡಕಾಗಿದೆ. ಯುಪಿಐ ರಸೀದಿ, ಕೊರಿಯರ್ ಚೀಟಿಯ ಮೇಲಿನ ವಿಳಾಸ, ವಾಟ್ಸ್‌ಆ್ಯಪ್ ಸಂದೇಶಗಳು ಮಾತ್ರ ನಮ್ಮ ಕೈಯಲ್ಲಿರುವ ಆಧಾರ. ಅದಕ್ಕೇ ಕಟ್ಟು ಬಿಚ್ಚುವ ಮೊದಲೇ ವಿಡಿಯೊ ಶುರು ಮಾಡಿ, ಕೊರಿಯರ್ ಚೀಟಿಯನ್ನು ಕಸಕ್ಕೆ ಹಾಕಬೇಡಿ.

ಈ ನಡುವೆ ಗೆಳತಿಯೊಬ್ಬಳು ಬೇರೊಂದು ಹೆಸರಿನ ಅಂಗಡಿಯ ಜಾಹೀರಾತು ಕಳುಹಿಸಿದಳು. ಯುಗಾದಿಯ ಕಾರ್ಡಿಗೆ ಹಸಿರು, ಹಳದಿ ಹಾಳೆಗಳು, ಪಕ್ಕದಲ್ಲಿ ಬೇವಿನ ಎಸಳು. ಹಾಳೆಗಳ ಫೋಟೋ ಮಾತ್ರ ಹಳೆಯದೇ: ಎಡಗೈಯ ಬೆಳ್ಳಿ ಉಂಗುರದ ಬೆರಳು ಕೆಂಪು ಹಾಳೆಯ ಮೂಲೆಯನ್ನು ಎತ್ತಿ ಹಿಡಿದಿದೆ, ಹಿಂದೆ ಮಸುಕಾದ ನೀಲಿ ಬಾಗಿಲು. ವಾಟ್ಸ್‌ಆ್ಯಪ್ ನಂಬರ್ ಹೊಸದು. ಆ ಫೋಟೋ ಕಂಡರೆ ಅಂಗಡಿಯ ಹೆಸರು ಏನೇ ಇರಲಿ, ದೂರ ಇರಿ.