ಊಟದ ದಾಖಲೆ: ಮೊಬೈಲಿನಲ್ಲೋ, ಪುಸ್ತಕದಲ್ಲೋ?

ತಿನ್ನುವುದೇ ಸಂಕಟವಾದವರಿಗೆ, ಅಂದರೆ ಈಟಿಂಗ್ ಡಿಸಾರ್ಡರ್ ಎಂಬ ಕಾಯಿಲೆ ಇರುವವರಿಗೆ, ಚಿಕಿತ್ಸಕರು ಹೇಳುವ ಮೊದಲ ಕೆಲಸಗಳಲ್ಲೊಂದು, ಏನು ತಿಂದೆ, ಆಗ ಮನಸ್ಸು ಹೇಗಿತ್ತು ಎಂದು ಆಗಲೇ ಬರೆದಿಡುವುದು. ಮಂಗಳೂರಿನ ಹಾಸ್ಟೆಲ್ ಮೆಸ್ಸಿನಲ್ಲಿ ಗೆಳತಿಯರೆದುರು ಪುಸ್ತಕ ಬಿಚ್ಚುವುದು ಕಷ್ಟ. ರಾತ್ರಿಗೆ ಮುಂದೂಡಿದರೆ ಅರ್ಧ ಮರೆತಿರುತ್ತದೆ. ಮೊಬೈಲ್ ಯಾರಿಗೂ ವಿಶೇಷ ಅನ್ನಿಸದು. ನೀರುದೋಸೆ ಎರಡು, ಮೂರನೆಯದಕ್ಕೆ ಭಯ ಎಂದು ಅಲ್ಲೇ ಒತ್ತಬಹುದು. ರಿಕವರಿ ರೆಕಾರ್ಡ್‌ನಂಥ ಆ್ಯಪಿನಲ್ಲಿ ಚಿಕಿತ್ಸಕರೂ ಅದನ್ನು ನೋಡಬಹುದು, ನನಗೆ ಇದೇ ದೊಡ್ಡ ಲಾಭ ಅನ್ನಿಸುತ್ತದೆ. ಇಂಗ್ಲಿಷ್ ಒಗ್ಗದವರಿಗೆ ಪುಸ್ತಕವೇ ವಾಸಿ. ತುಳುವಿನಲ್ಲಿ ಅನ್ನಿಸಿದ್ದನ್ನು ಕನ್ನಡ ಅಕ್ಷರದಲ್ಲಿ ಹಾಗೆಯೇ ಇಳಿಸಬಹುದು.

ಕ್ಯಾಲೊರಿ ಎಣಿಸುವ ಆ್ಯಪ್ ಮಾತ್ರ ಬೇಡವೇ ಬೇಡ. ಅದು ಕಾಯಿಲೆಯ ಹಟಕ್ಕೇ ಲೆಕ್ಕ ಬರೆದುಕೊಡುತ್ತದೆ.

ತಲೆಸುತ್ತು, ಪದೇಪದೇ ವಾಂತಿ ಇದ್ದರೆ ಮೊಬೈಲ್, ಪುಸ್ತಕ ಎರಡನ್ನೂ ಬದಿಗಿಟ್ಟು ಮೊದಲು ಡಾಕ್ಟರರನ್ನು ನೋಡಿ. ಯಾರಲ್ಲಿ ಹೇಳುವುದೆಂದು ತೋಚದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.