ಸಿಕ್ಲಿಡ್‌ಗಳ ನಡುವೆ ಅಕ್ರಿಲಿಕ್ ಹಲಗೆ: ಎಂಟು ತಿಂಗಳ ಬಳಕೆಯ ನಂತರ

ಮುಂಬೈಯ ಚೆಂಬೂರಿನ ನಮ್ಮ ಮನೆಯಲ್ಲಿ 4 ಅಡಿ ಉದ್ದ, 15 ಇಂಚು ಅಗಲ, 18 ಇಂಚು ಎತ್ತರದ, ಅಂಚಿನವರೆಗೆ ತುಂಬಿದರೆ ಸುಮಾರು 210 ಲೀಟರ್ ಹಿಡಿಯುವ ಸಿಹಿನೀರಿನ ಅಕ್ವೇರಿಯಂ ಇದೆ. ಅದರಲ್ಲಿ ಒಂದು ಜೋಡಿ ಕನ್ವಿಕ್ಟ್ ಸಿಕ್ಲಿಡ್‌ಗಳೂ ಒಂದು ಫೈರ್‌ಮೌತ್ ಸಿಕ್ಲಿಡ್ಡೂ (ಎರಡೂ ಸಿಕ್ಲಿಡ್ ಎಂಬ ಮೀನಿನ ಕುಟುಂಬದವು) ವರ್ಷದ ಮಟ್ಟಿಗೆ ದೊಡ್ಡ ಜಗಳವಿಲ್ಲದೆ ಬದುಕಿದ್ದವು. ಕಳೆದ ಮೇ ತಿಂಗಳಲ್ಲಿ ಕನ್ವಿಕ್ಟ್ ಜೋಡಿ ಮಣ್ಣಿನ ಕುಂಡದೊಳಗೆ ಮೊಟ್ಟೆಯಿಟ್ಟಿತು. ಮರುದಿನ ಬೆಳಿಗ್ಗೆ ನೋಡಿದರೆ ಫೈರ್‌ಮೌತ್‌ನ ಬಾಲ ಅರ್ಧ ಹರಿದಿತ್ತು. ಅದು ಮೇಲಿನ ಮೂಲೆಯೊಂದರಲ್ಲಿ ಅಲುಗಾಡದೆ ನಿಂತಿತ್ತು. ಫೈರ್‌ಮೌತ್ ತನ್ನ ಕೆಂಪು ಗಂಟಲನ್ನು ಉಬ್ಬಿಸುವುದು ಬಹುಮಟ್ಟಿಗೆ ಬರಿಯ ಬೆದರಿಕೆ. ಮೊಟ್ಟೆ ಕಾಯುವ ಕನ್ವಿಕ್ಟ್ ಹಾಗಲ್ಲ. ಗಂಡು ಹೆಣ್ಣು ಎರಡೂ ಸೇರಿ ತಮಗಿಂತ ದೊಡ್ಡ ಮೀನನ್ನೂ ಕಚ್ಚಿ ಅಟ್ಟುತ್ತವೆ. ಇನ್ನೊಂದು ಅಕ್ವೇರಿಯಂ ಇಡಲು ಮನೆಯಲ್ಲಿ ಜಾಗವಿಲ್ಲದ ಕಾರಣ ಇರುವುದನ್ನೇ ಪಾಲು ಮಾಡಬೇಕಾಯಿತು.

ಮೊದಲು ತಂದದ್ದು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ, ಸಕ್ಷನ್ ಕಪ್‌ಗಳಿಂದ ಗಾಜಿಗೆ ಅಂಟಿಸುವ ಕಪ್ಪು ಪ್ಲಾಸ್ಟಿಕ್ ಜಾಲರಿ. ಅದನ್ನು ಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ. ಗಾಜಿನ ಮೇಲೆ ತೆಳುವಾಗಿ ಪಾಚಿ ಕಟ್ಟಿದ ಕೂಡಲೇ ಕಪ್‌ಗಳು ಜಾರಿದವು. ಅದಕ್ಕೂ ಮೊದಲೇ, ಗೂಡು ಮಾಡುವಾಗ ತಳದ ಕಲ್ಲುಗಳನ್ನು ಬಾಯಲ್ಲಿ ಎತ್ತಿ ಎಸೆಯುವ ಅಭ್ಯಾಸವಿರುವ ಕನ್ವಿಕ್ಟ್ ಗಂಡು ಜಾಲರಿಯ ಅಡಿಯಲ್ಲೇ ತೋಡಿ ದಾರಿ ಮಾಡಿಕೊಂಡಿತ್ತು. ಒಂಬತ್ತನೆಯ ದಿನ ಫೈರ್‌ಮೌತ್ ಮತ್ತೆ ಪೆಟ್ಟು ತಿಂದಿತು.

ಈಗ ಬಳಸುತ್ತಿರುವುದು ಮಾಟುಂಗಾದಲ್ಲಿ ನಾಮಫಲಕ ಮಾಡುವವರ ಬಳಿ ಲೇಸರ್‌ನಿಂದ ಕತ್ತರಿಸಿಕೊಂಡ, 5 ಮಿ.ಮೀ. ದಪ್ಪದ ಹಾಲುಬಣ್ಣದ ಅಕ್ರಿಲಿಕ್ ಹಲಗೆ. ಅದರ ತುಂಬ 5 ಮಿ.ಮೀ. ವ್ಯಾಸದ ರಂಧ್ರಗಳಿವೆ. ಗಾಜಿನ ಪಟ್ಟಿಗಳೂ ಸೇರಿ 1,400 ರೂಪಾಯಿ ಆಯಿತು. ಕೆಲಸ ಅಚ್ಚುಕಟ್ಟಾಗಿದೆ, ರಂಧ್ರಗಳ ಅಂಚು ನುಣುಪಾಗಿದೆ. ಅಕ್ರಿಲಿಕ್ ನೀರು ಹೀರಿ ಅಲ್ಪಸ್ವಲ್ಪ ಹಿಗ್ಗುತ್ತದೆ. ಆದ್ದರಿಂದ ಒಳ ಅಗಲಕ್ಕಿಂತ 2 ಮಿ.ಮೀ. ಕಡಿಮೆ ಅಳತೆ ಕೊಟ್ಟಿದ್ದೆ, ಅದು ಸರಿಯಾಯಿತು.

ಹಲಗೆಗಿಂತ ಅದನ್ನು ಕೂರಿಸುವುದೇ ದೊಡ್ಡ ಕೆಲಸ. ಮುಂದಿನ ಮತ್ತು ಹಿಂದಿನ ಗಾಜಿಗೆ ಎರಡೆರಡು ಗಾಜಿನ ಪಟ್ಟಿಗಳನ್ನು ಸಿಲಿಕೋನ್‌ನಿಂದ ಅಂಟಿಸಿ, ಹಲಗೆ ಮೇಲಿನಿಂದ ಇಳಿಯುವಂತೆ ಪಟ್ಟಿಗಳ ನಡುವೆ ಸಂದು ಮಾಡಬೇಕು. ಅದಕ್ಕಾಗಿ ಅಕ್ವೇರಿಯಂ ಪೂರ್ತಿ ಖಾಲಿಯಾಗಿ ಒಣಗಿರಬೇಕು. ಬಚ್ಚಲುಮನೆಗೆ ಬಳಸುವ, ಬೂಸ್ಟು ತಡೆಯುವ ರಾಸಾಯನಿಕ ಬೆರೆಸಿದ ಸಿಲಿಕೋನ್ ಮೀನುಗಳಿಗೆ ವಿಷ, ಅದನ್ನು ಮುಟ್ಟಲೇಬಾರದು. ನಾನು ಅಂಟಿಸಿದ ಮೇಲೆ 48 ಗಂಟೆ ಬಿಟ್ಟೆ. ಅಷ್ಟು ಹೊತ್ತು ಮೀನುಗಳು ಹಳೆಯ ನೀರು ತುಂಬಿದ ಎರಡು ಡ್ರಮ್‌ಗಳಲ್ಲಿ, ಸ್ಪಂಜ್ ಫಿಲ್ಟರ್ ಸಹಿತ ಅಡುಗೆಮನೆಯಲ್ಲಿದ್ದವು. ಹಲಗೆಯ ಕೆಳ ಅಂಚು ತಳದ ಗಾಜಿಗೇ ತಾಗಿ ಅದರ ಮೇಲೆ ಕಲ್ಲು ಬೀಳುವುದರಿಂದ ಎಷ್ಟು ತೋಡಿದರೂ ದಾರಿ ಸಿಗುವುದಿಲ್ಲ. ಮೇಲಂಚು ಮುಚ್ಚಳದವರೆಗೆ ಇರಬೇಕು, ಏಕೆಂದರೆ ಅಟ್ಟಿಸಿಕೊಂಡ ಸಿಕ್ಲಿಡ್ ಹಾರುತ್ತದೆ.

ಬಣ್ಣದ ವಿಷಯದಲ್ಲಿ ನಾನು ಅಂಗಡಿಯವರ ಮಾತು ಕೇಳಲಿಲ್ಲ. ಪಾರದರ್ಶಕ ಹಲಗೆ ಚೆಂದ ಕಾಣುತ್ತದೆ ಎಂದು ಅವರು ಹೇಳಿದ್ದು ನಿಜ. ಆದರೆ ಮುಲುಂಡಿನಲ್ಲಿರುವ ನಮ್ಮ ಭಾವನ ಮನೆಯ ಅಂಥದೇ ಹಲಗೆಯ ಎರಡೂ ಬದಿಗೆ ಮೀನುಗಳು ಇಡೀ ದಿನ ಮೂತಿ ಗುದ್ದುತ್ತಾ, ಆಹಾರ ಹಾಕಿದರೂ ಗಮನಿಸದೆ ಕಾದುನಿಂತಿರುವುದನ್ನು ಕಂಡಿದ್ದೆ. ಕಚ್ಚಲಾಗದಿದ್ದರೂ ಎದುರಾಳಿ ಕಾಣುತ್ತಿರುವವರೆಗೆ ಮೀನಿಗೆ ನೆಮ್ಮದಿಯಿಲ್ಲ. ಹಾಲುಬಣ್ಣದ ಹಲಗೆ ಬೆಳಕನ್ನು ಬಿಡುತ್ತದೆ, ನೋಟವನ್ನು ತಡೆಯುತ್ತದೆ. ನಮ್ಮ ಫೈರ್‌ಮೌತ್ ನಾಲ್ಕನೆಯ ದಿನವೇ ಮೂಲೆ ಬಿಟ್ಟು ಬಂದು ತಳದಲ್ಲಿ ಮೇಯತೊಡಗಿತು, ಆರು ವಾರಗಳಲ್ಲಿ ಬಾಲ ಮತ್ತೆ ಬೆಳೆಯಿತು. ನನ್ನ ಮಟ್ಟಿಗೆ ಕೊಟ್ಟ ಹಣ ಅಷ್ಟಕ್ಕೇ ಸಂದಿದೆ.

ಕೊರತೆಗಳೂ ಇವೆ. ಫಿಲ್ಟರ್‌ನ ಪಂಪ್ ಒಂದು ಬದಿಯಿಂದ ನೀರೆಳೆದು ಇನ್ನೊಂದು ಬದಿಗೆ ಬಿಡುವುದರಿಂದ, ರಂಧ್ರಗಳಲ್ಲಿ ಪಾಚಿ ಕಟ್ಟಿದರೆ ಪಂಪ್ ಇರುವ ಬದಿಯಲ್ಲಿ ನೀರಿನ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಹಲಗೆಯನ್ನು ಬ್ರಷ್‌ನಿಂದ ಉಜ್ಜಲೇಬೇಕು. ನೀರು ಎರಡೂ ಬದಿಗೆ ಒಂದೇ ಆದ್ದರಿಂದ ರೋಗವೂ ಔಷಧವೂ ಇಬ್ಬರಿಗೂ ತಗಲುತ್ತವೆ. ಕಾಯಿಲೆಯ ಮೀನನ್ನು ಬೇರೆ ಇಡಲು ಇದು ಉಪಯೋಗವಿಲ್ಲ.

ನನಗೆ ಹೊಳೆಯದೇ ಹೋದದ್ದು ಮರಿಗಳ ವಿಷಯ. ಎರಡನೆಯ ಸಲದ ಮೊಟ್ಟೆಗಳು ಒಡೆದು ಮರಿಗಳು ಈಜತೊಡಗಿದ ದಿನವೇ ಅವು ರಂಧ್ರಗಳ ಮೂಲಕ ಆಚೆ ಹೋಗಿ ಫೈರ್‌ಮೌತ್‌ನ ಹೊಟ್ಟೆ ಸೇರಿದವು. ಪಂಪ್ ಫೈರ್‌ಮೌತ್‌ನ ಬದಿಯಲ್ಲಿದ್ದು ಶುದ್ಧ ನೀರು ಕನ್ವಿಕ್ಟ್ ಬದಿಗೆ ಬೀಳುತ್ತಿದ್ದುದರಿಂದ, ಹರಿವೇ ಮರಿಗಳನ್ನು ಹಲಗೆಯ ಕಡೆಗೆ ಎಳೆಯುತ್ತಿತ್ತು ಎಂಬುದು ಆಮೇಲೆ ತಿಳಿಯಿತು. ಆ ಸಂಜೆ ತಾಯಿಮೀನು ಖಾಲಿ ಕುಂಡದ ಸುತ್ತ ಅಲೆಯುತ್ತಿದ್ದುದನ್ನು ನೋಡಲಾಗಲಿಲ್ಲ. ಈಗ ಪಂಪನ್ನು ಕನ್ವಿಕ್ಟ್ ಬದಿಗೆ ಸರಿಸಿ ಅದರ ಬಾಯಿಗೆ ಸ್ಪಂಜ್ ಸುತ್ತಿದ್ದೇನೆ, ನೀರು ಫೈರ್‌ಮೌತ್‌ನ ಬದಿಗೆ ಬೀಳುತ್ತದೆ. ಹಲಗೆಯ ಮರಿಗಳಿರುವ ಮುಖಕ್ಕೆ ತೆಳ್ಳನೆಯ ಸ್ಪಂಜಿನ ಹಾಳೆಯೊಂದನ್ನು ರಂಧ್ರಗಳ ಮೂಲಕವೇ ನೈಲಾನ್ ದಾರದಿಂದ ಹೊಲಿದಿದ್ದೇನೆ. ಮೂರನೆಯ ಸಲದ ಮರಿಗಳಿಗೆ ನಿನ್ನೆಗೆ ಹನ್ನೊಂದು ದಿನವಾಯಿತು, ಎಲ್ಲವೂ ತಾಯಿಯ ಬದಿಯಲ್ಲೇ ಇವೆ.